ಬೀಗ ತೆಗೆದ ಮೇಲೆ: ಟ್ರಿಯೆಸ್ಟೆ, ಅಮೆರಿಕ ಮತ್ತು ಬಳ್ಳಾರಿ

1978ರ ಮೇ 13ರಂದು ಅಂಗೀಕಾರವಾದ ಇಟಲಿಯ 180ನೇ ಕಾಯ್ದೆ ಹೊಸ ಹುಚ್ಚಾಸ್ಪತ್ರೆಗಳನ್ನು ಕಟ್ಟುವುದನ್ನು ನಿಷೇಧಿಸಿತು; ಇದ್ದವನ್ನು ಹಂತಹಂತವಾಗಿ ಮುಚ್ಚಬೇಕೆಂದಿತು. ಮನೋವೈದ್ಯ ಫ್ರಾಂಕೊ ಬಸಾಲಿಯಾ ಅವರ ಹೆಸರಿನಿಂದಲೇ ಪ್ರಸಿದ್ಧವಾದ ಈ ಕಾಯ್ದೆಯಿಂದ ಸುಧಾರಣೆ ಶುರುವಾಯಿತು ಎಂದು ಬರೆಯುವುದು ರೂಢಿ. ಟ್ರಿಯೆಸ್ಟೆ ನಗರದಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. ಅಲ್ಲಿ ಕೆಲಸ ಮೊದಲಾಯಿತು, ಕಾಯ್ದೆ ಆಮೇಲೆ ಬಂತು.

ಅದಕ್ಕೂ ಹಿಂದಿನ 1904ರ ಕಾಯ್ದೆ ಮುಖ್ಯವಾಗಿ ಕೇಳುತ್ತಿದ್ದದ್ದು ಒಂದು ಪ್ರಶ್ನೆ: ಈ ವ್ಯಕ್ತಿ ತನಗೋ ಇತರರಿಗೋ ಅಪಾಯಕಾರಿಯೇ? ಆಸ್ಪತ್ರೆ ಸೇರಿದವರ ಹೆಸರು ಅಪರಾಧಿಗಳ ದಾಖಲೆ ಪುಸ್ತಕಕ್ಕೂ ಹೋಗುತ್ತಿತ್ತು. ಸ್ವಇಚ್ಛೆಯಿಂದ ಸೇರುವ ಅವಕಾಶ ಸಿಕ್ಕಿದ್ದು 1968ರಲ್ಲಿ. 1971ರಲ್ಲಿ ಬಸಾಲಿಯಾ ಟ್ರಿಯೆಸ್ಟೆಯ ಸ್ಯಾನ್ ಜೊವಾನ್ನಿ ಆಸ್ಪತ್ರೆಯ ನಿರ್ದೇಶಕರಾದಾಗ ಒಳಗೆ ಸುಮಾರು 1,200 ಜನರಿದ್ದರು. ಅವರು ವಾರ್ಡುಗಳ ಬೀಗ ತೆಗೆಸಿದರು. ಚಿಕಿತ್ಸೆಯ ನೆಪದಲ್ಲಿ ಗುಡಿಸಿ ಒರೆಸುತ್ತಿದ್ದ ರೋಗಿಗಳು ಸಹಕಾರ ಸಂಘ ಕಟ್ಟಿಕೊಂಡು ಅದೇ ಕೆಲಸಕ್ಕೆ ನ್ಯಾಯವಾದ ಕೂಲಿ ಪಡೆದರು. ನನ್ನ ದೃಷ್ಟಿಯಲ್ಲಿ ಇಡೀ ಚಳವಳಿಯ ತಿರುಳು ಈ ಕೂಲಿಯಲ್ಲಿದೆ. ರೋಗಿಯನ್ನು ನಾಗರಿಕನೆಂದು ಒಪ್ಪಿಕೊಂಡದ್ದು ಅಲ್ಲಿ. 1975ರಿಂದ ಊರೊಳಗೇ ಚಿಕಿತ್ಸಾ ಕೇಂದ್ರಗಳು ತೆರೆದವು. ಆಸ್ಪತ್ರೆ ಮುಚ್ಚುವುದಾಗಿ ಬಸಾಲಿಯಾ ಘೋಷಿಸಿದ್ದು 1977ರ ಜನವರಿಯಲ್ಲಿ, ಅಷ್ಟೆಲ್ಲ ಸಿದ್ಧವಾದ ಮೇಲೆ. ಇಂಥ ತಯಾರಿಯಿಲ್ಲದ ಕಡೆ, ಮುಖ್ಯವಾಗಿ ದಕ್ಷಿಣ ಇಟಲಿಯಲ್ಲಿ, ಹೊರೆ ಬಹುಕಾಲ ಮನೆಯವರ ಮೇಲೇ ಉಳಿಯಿತು.

ಅಮೆರಿಕದಲ್ಲಿ ಕಾಯ್ದೆ ಮುಂದೆ ನಡೆಯಿತು, ಹಣ ಹಿಂದೆ ಬೀಳುತ್ತ ಹೋಯಿತು. 1955ರಲ್ಲಿ ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ರೋಗಿಗಳಿದ್ದರು. 1963ರಲ್ಲಿ ಅಧ್ಯಕ್ಷ ಕೆನಡಿ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳ ಕಾಯ್ದೆಗೆ ಸಹಿ ಹಾಕಿದರು. ಯೋಜಿಸಿದ್ದ ಸುಮಾರು 1,500 ಕೇಂದ್ರಗಳಲ್ಲಿ ಅರ್ಧದಷ್ಟು ಮಾತ್ರ ತಲೆಯೆತ್ತಿದವು. ಆಸ್ಪತ್ರೆಗಳು ಮಾತ್ರ ಬರಿದಾಗುತ್ತಲೇ ಹೋದವು. 1981ರಲ್ಲಿ ಒಕ್ಕೂಟ ಸರ್ಕಾರ ಈ ಕೇಂದ್ರಗಳ ನೇರ ಹೊಣೆಯಿಂದಲೂ ಹಿಂದೆ ಸರಿಯಿತು. ಆಸ್ಪತ್ರೆಯಿಂದ ಹೊರಬಂದ ಅನೇಕರು ಬೀದಿ ಮತ್ತು ಜೈಲುಗಳ ಪಾಲಾದರು.

ಭಾರತದ ಸಮಸ್ಯೆಯೇ ಬೇರೆ. ಜನಸಂಖ್ಯೆಗೆ ಹೋಲಿಸಿದರೆ ಇಲ್ಲಿ ಮುಚ್ಚಲು ಹಾಸಿಗೆಗಳಾದರೂ ಎಷ್ಟಿದ್ದವು? 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೆನ್ನಿಗೆ ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ರೋಗ ಗುರುತಿಸಿ ಔಷಧಿ ಕೊಡುವ ತರಬೇತಿ ನೀಡಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ಆದರೆ ಬಳ್ಳಾರಿ ಮಾದರಿ ಔಷಧಿಯನ್ನು ಹಳ್ಳಿಗೆ ಒಯ್ದಷ್ಟು ಬಲವಾಗಿ ವಸತಿಯನ್ನೂ ದುಡಿಮೆಯನ್ನೂ ಒಯ್ಯಲಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಕಲಂ ಆ ಕೊರತೆಯನ್ನು ಗುರುತಿಸಿದೆ. ಮನೆಯವರು ಕೈಬಿಟ್ಟರು ಎಂಬ ಕಾರಣಕ್ಕೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಅಂಥವರಿಗೆ ಸಮುದಾಯದೊಳಗಿನ ವಸತಿಗೃಹಗಳನ್ನು ಸರ್ಕಾರ ಒದಗಿಸಬೇಕು. ಎಷ್ಟು ವರ್ಷದೊಳಗೆ? ಸಮಂಜಸ ಅವಧಿಯಲ್ಲಿ ಎಂದಷ್ಟೇ ಕಾಯ್ದೆ ಹೇಳುತ್ತದೆ.