ಶುಂಠಿಯ ಕೊಂಬು, ಶೆಟ್ಟರ ಮಾತು

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಗದ್ದಲವನ್ನು ದಾಟಿ ತರಗುಪೇಟೆಯ ಬೀದಿಗೆ ಹೊರಳಿದವನಿಗೆ, ಅಂಗಡಿಯ ಫಲಕವನ್ನು ಓದುವ ಮೊದಲೇ, ಬ್ಯಾಡಗಿ ಮೆಣಸಿನಕಾಯಿಯ ಘಾಟು, ಹುಣಸೆಯ ಹುಳಿ, ಬೆಲ್ಲದ ಕಂಪು, ಗೋಣಿಚೀಲದ ಧೂಳು ಇವೆಲ್ಲವೂ ಬೆರೆತ ಗಾಳಿಯೊಂದು ಬಂದ ಸ್ಥಳವಾವುದೆಂಬುದನ್ನು ತಿಳಿಸಿಬಿಡುತ್ತದೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಹೇಳುವ ಹಳೆಯ ಊರಿನೊಳಗೆ ಅಕ್ಕಿಗೆ ಅಕ್ಕಿಪೇಟೆ, ರಾಗಿಗೆ ರಾಗಿಪೇಟೆ, ಅರಳೆಗೆ ಅರಳೆಪೇಟೆ ಎಂದು ಸರಕಿಗೊಂದು ಬೀದಿ ಏರ್ಪಟ್ಟ ಕ್ರಮದಲ್ಲಿ, ದವಸಧಾನ್ಯ ದಿನಸಿಗಳ ಸಗಟು ವ್ಯಾಪಾರಕ್ಕೆ ಹೆಸರಾದುದು ಈ ತರಗುಪೇಟೆ. ಆ ವ್ಯಾಪಾರದ ಬಹುಭಾಗವು ಈಚೆಗೆ ಯಶವಂತಪುರದ ಪ್ರಾಂಗಣಕ್ಕೆ ಸಾಗಿಹೋಗಿದ್ದರೂ, ಬೇರು ನಾರು ತೊಗಟೆಗಳನ್ನು ಮಾರುವ ಗ್ರಂಧಿಗೆ ಅಂಗಡಿಗಳು ಇಲ್ಲಿ ಇನ್ನೂ ಉಸಿರಾಡುತ್ತಿವೆ.

ಅಂತಹ ಒಂದು ಅಂಗಡಿಯ ಮುಂದೆ, ಬಾಲ್ಯದಲ್ಲಿ, ಅಜ್ಜಿಯ ಸೆರಗನ್ನು ಹಿಡಿದು ನಾನು ನಿಂತಿದ್ದುಂಟು. ಮಾರನೆಯ ದಿನ ತೀರ್ಥಹಳ್ಳಿಯ ಮಾರ್ಗವಾಗಿ ಆಗುಂಬೆಯ ಘಾಟಿಯಿಳಿದು ಉಡುಪಿಗೆ ಹೋಗಬೇಕಾಗಿತ್ತು. "ಶೆಟ್ಟರೇ, ಮಗುವಿಗೆ ಬಸ್ಸು ಆಗೋಲ್ಲ" ಎಂದರು ಅಜ್ಜಿ. ಶೆಟ್ಟರು ಅವಸರಪಡದೆ ಚೀಲದೊಳಗೆ ಕೈಯಿಟ್ಟು, ಒಣಶುಂಠಿಯ ಕೊಂಬೊಂದನ್ನು ಆರಿಸಿ, ಲಟಕ್ಕನೆ ಮುರಿದು, ಒಳಗಿನ ನಾರನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ, ಕಾಗದದ ಪೊಟ್ಟಣ ಕಟ್ಟಿ, ಅದನ್ನು ಅಜ್ಜಿಗೆ ಕೊಡದೆ ನನ್ನ ಅಂಗೈಯಲ್ಲಿಯೇ ಇಟ್ಟು, "ಇದು ಬಾಯಲ್ಲಿರೋವರೆಗೆ ಘಾಟಿ ನಿನ್ನನ್ನ ಏನೂ ಮಾಡೋಲ್ಲ, ಮರಿ" ಎಂದರು. ಹದಿನಾಲ್ಕು ತಿರುವುಗಳನ್ನು ಎಣಿಸುತ್ತ ನಾನು ಘಾಟಿ ಇಳಿದೆ, ಹೊಟ್ಟೆ ತೊಳಸಲಿಲ್ಲ. ನನ್ನನ್ನು ಕಾಪಾಡಿದುದು ಶುಂಠಿಯೋ ಶೆಟ್ಟರ ಮಾತೋ ಎಂಬ ಪ್ರಶ್ನೆ ಅಂದು ಹುಟ್ಟಲಿಲ್ಲ. ಹುಟ್ಟಿದ ಮೇಲೆ ಇಂದಿಗೂ ಬಿಟ್ಟಿಲ್ಲ.

ಪ್ರಯಾಣದಲ್ಲಿ ಹೊಟ್ಟೆ ತೊಳಸುವ ಈ ವ್ಯಾಧಿಯ ಪ್ರಾಚೀನ ಭೂಮಿ ಕಡಲು. ಓಕರಿಕೆಗೆ ಗ್ರೀಕರಿಟ್ಟ ಹೆಸರು ಹಡಗೆಂಬ ಶಬ್ದದಿಂದಲೇ ಹುಟ್ಟಿತು. ನಮ್ಮ ಒಳನಾಡಿನಲ್ಲಿ ಅದು ಮನೆಮಾತಾದುದು ಮೋಟಾರು ಬಂದ ಮೇಲೆ. ಎತ್ತಿನ ಗಾಡಿಯ ನಿಧಾನವಾದ ಕುಲುಕಾಟ ಮೈಯನ್ನು ನೋಯಿಸುತ್ತಿತ್ತೇ ಹೊರತು ಹೊಟ್ಟೆಯನ್ನು ಅಷ್ಟಾಗಿ ಕದಡುತ್ತಿರಲಿಲ್ಲ. ಖಾಸಗಿ ಕಂಪನಿಗಳ ಬಸ್ಸುಗಳೂ, 1948ರ ಸೆಪ್ಟೆಂಬರಿನಲ್ಲಿ 120 ವಾಹನಗಳೊಡನೆ ಆರಂಭವಾದ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯೂ ಊರೂರನ್ನು ಬೆಸೆದಾಗ, ಕಣ್ಣು ನಿಶ್ಚಲವಾದ ಮುಂದಿನ ಸೀಟನ್ನು ನೋಡುತ್ತಿರಲು ಒಳಗಿವಿಯು ತಿರುವನ್ನು ಸಾರುವ, ಆ ಎರಡು ಸಾಕ್ಷಿಗಳ ವಿರೋಧದಿಂದ ಹುಟ್ಟುವ ತೊಳಸಾಟವೂ ಊರೂರಿಗೆ ತಲುಪಿತು. ಮೂಸುವುದಕ್ಕೆ ನಿಂಬೆಹಣ್ಣು, ಕಚ್ಚುವುದಕ್ಕೆ ಶುಂಠಿ ಅಥವಾ ಏಲಕ್ಕಿ, ಅನಂತರದ ಕಾಲದಲ್ಲಿ ಅವೋಮಿನ್ ಮಾತ್ರೆ, ಇವು ಪ್ರಯಾಣದ ಗಂಟಿನಲ್ಲಿ ಸ್ಥಾನ ಪಡೆದವು.

ಶುಂಠಿಗೆ ನಮ್ಮ ಹಿರಿಯರು ವಿಶ್ವಭೇಷಜವೆಂದೂ ಮಹೌಷಧವೆಂದೂ ಹೆಸರಿಟ್ಟರು. ಆದರೂ ವಾಂತಿಯನ್ನು ತಡೆಯತಕ್ಕ ಹತ್ತು ದ್ರವ್ಯಗಳನ್ನು ಚರಕಸಂಹಿತೆ ಒಂದೆಡೆ ಎಣಿಸಿದಾಗ ಅಲ್ಲಿ ಮಾದಲಹಣ್ಣು, ದಾಳಿಂಬೆ, ಲಾವಂಚ, ಅರಳು ಇವೆಯೇ ವಿನಾ ಶುಂಠಿಯಿಲ್ಲ. ಅದಕ್ಕಿಂತಲೂ ಗಮನಾರ್ಹವಾದುದು ಅದೇ ಗ್ರಂಥದ ಚಿಕಿತ್ಸಾಸ್ಥಾನದಲ್ಲಿದೆ: ಐದು ಬಗೆಯ ಛರ್ದಿಗಳಲ್ಲಿ ಒಂದು ಮನಸ್ಸಿಗೆ ಒಲ್ಲದ ವಸ್ತುಗಳ ಸಂಪರ್ಕದಿಂದ ಹುಟ್ಟುವುದೆಂದು ಹೇಳಿ, ಅದಕ್ಕೆ ಮನಸ್ಸಿಗೊಪ್ಪುವ ಮಾತು, ಸಮಾಧಾನ, ಹರ್ಷ, ಸುಗಂಧಗಳನ್ನೇ ಚಿಕಿತ್ಸೆಯಾಗಿ ಆಚಾರ್ಯನು ವಿಧಿಸಿದ್ದಾನೆ. ಪಶ್ಚಿಮದ ವೈದ್ಯರು ಹುಸಿ ಗುಳಿಗೆಗೆ ಕೊಟ್ಟ 'ಪ್ಲಸೀಬೊ' ಎಂಬ ಲ್ಯಾಟಿನ್ ಹೆಸರಿಗೂ 'ಸಂತೋಷಪಡಿಸುವೆನು' ಎಂದೇ ಅರ್ಥ.

ಆ ಪಶ್ಚಿಮದಲ್ಲಿ ಈ ವಿಷಯದ ಪರೀಕ್ಷೆ ತೂಕಕ್ಕೆ ಬಂದುದು ಕಳೆದ ಶತಮಾನದ ನಡುವೆ. 1947ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಗೇ ಮತ್ತು ಕಾರ್ಲಿನರ್ ಎಂಬ ವೈದ್ಯರು ಪಿತ್ತಗಂಧೆಗೆಂದು ಕೊಟ್ಟ ಔಷಧದಿಂದ, ಟ್ರ್ಯಾಮ್ ಹತ್ತಿದೊಡನೆ ವಾಕರಿಸುತ್ತಿದ್ದ ರೋಗಿಯೊಬ್ಬಳ ಆ ತೊಂದರೆಯೂ ಮಾಯವಾಯಿತು. ಔಷಧವಿಲ್ಲದ ಗುಳಿಗೆ ಕೊಟ್ಟಾಗ ಮರಳಿತು. ಅದೇ ವರ್ಷ ನ್ಯೂಯಾರ್ಕಿನಿಂದ ಜರ್ಮನಿಗೆ ಹೊರಟ ಸೈನಿಕರ ಹಡಗಿನಲ್ಲಿ ಔಷಧವನ್ನೂ ಹುಸಿ ಗುಳಿಗೆಯನ್ನೂ ಹೋಲಿಸಿ ನೋಡಿದರು. ಮೂರು ವರ್ಷ ಕಳೆದು, 1950ರಲ್ಲಿ, ಸ್ಟೂವರ್ಟ್ ವುಲ್ಫ್ ಎಂಬ ವೈದ್ಯನು, ಗುಣವೆಲ್ಲ ಮದ್ದಿನದೇ ಎಂಬ ತೋರಿಕೆಗೆ ಎದುರಾದ ಸಾಕ್ಷ್ಯವನ್ನು ಪ್ರಕಟಿಸಿದನು: ಬಸುರಿನ ವಾಂತಿಯಿಂದ ಬಳಲುತ್ತಿದ್ದ ಹೆಂಗಸಿಗೆ, ಓಕರಿಕೆ ನಿಲ್ಲಿಸುವ ಮದ್ದೆಂದು ನಂಬಿಸಿ, ವಾಂತಿ ಬರಿಸುವ ಇಪಿಕಾಕ್ ಬೇರಿನ ಸಾರವನ್ನೇ ನಳಿಗೆಯ ಮೂಲಕ ಹೊಟ್ಟೆಗಿಳಿಸಲು, ಅವಳ ಓಕರಿಕೆ ಅಡಗಿತು, ಜಠರದ ಸಹಜವಾದ ಚಲನೆಯೂ ಮರಳಿತು. ಹುಸಿಮದ್ದಿನ ಫಲವೆಂದು ತೋರುವುದರಲ್ಲಿ ತಾನಾಗಿಯೇ ವಾಸಿಯಾಗುವುದೂ ಸೇರಿರುತ್ತದೆಂದು ಮುಂದಿನವರು ಆಕ್ಷೇಪಿಸಿದುದು ನ್ಯಾಯವೇ. ಆದರೆ ಇನ್ನೂರಕ್ಕೂ ಮೇಲ್ಪಟ್ಟ ಪ್ರಯೋಗಗಳನ್ನು ಜರಡಿ ಹಿಡಿದ 2010ರ ಸಮೀಕ್ಷೆಯೊಂದರಲ್ಲಿಯೂ, ಬಹುತೇಕ ರೋಗಗಳಲ್ಲಿ ಅದರ ಫಲ ಜರಡಿಯಿಂದ ಸೋರಿಹೋದರೂ, ನೋವು ಮತ್ತು ಓಕರಿಕೆಗಳಲ್ಲಿ ಕೊಂಚ ಉಳಿದುಕೊಂಡಿತು.

ಶುಂಠಿಯೂ ಈ ತಕ್ಕಡಿಯನ್ನು ಏರಿಳಿದಿದೆ. 1982ರಲ್ಲಿ ತಿರುಗುವ ಕುರ್ಚಿಯ ಮೇಲೆ ಅದು ಹಡಗಿನಲ್ಲಿ ಪರೀಕ್ಷಿಸಿದ ಆ ಔಷಧವನ್ನೂ ಮೀರಿಸಿತು. 1988ರಲ್ಲಿ ಡೆನ್ಮಾರ್ಕಿನ ನೌಕಾ ಕೆಡೆಟ್ಟುಗಳ ವಾಂತಿಯನ್ನು ಕಡಿಮೆಮಾಡಿತು. ಬೇರೆ ಪರೀಕ್ಷೆಗಳಲ್ಲಿ ಸೋತಿತು. ಇತ್ತ ಇಸ್ರೇಲಿನಲ್ಲಿ, ನಿಮಗೆ ಕಡಲಬಾಧೆ ಆಗಲಾರದೆಂದು ಧೈರ್ಯ ಹೇಳಿಸಿಕೊಂಡ ಕೆಡೆಟ್ಟುಗಳಿಗೆ ಬಾಧೆ ಕಡಿಮೆಯಾಯಿತೆಂದು 1995ರಲ್ಲಿ ವರದಿಯಾಯಿತು. ಅವರ ಬಾಯಲ್ಲಿ ಶುಂಠಿಯಿರಲಿಲ್ಲ, ಶೆಟ್ಟರು ಆಡಿದಂತಹ ಮಾತು ಮಾತ್ರ ಕಿವಿಗೆ ಬಿದ್ದಿತ್ತು. ಹಾಗೆಂದು ಧೈರ್ಯವೊಂದೇ ಸಾಲದು. ನಮ್ಮ ಬೆಂಗಳೂರಿನಲ್ಲಿಯೇ, 1957ರಲ್ಲಿ ಸ್ಥಾಪನೆಯಾದ ವಾಯುಪಡೆಯ ವೈಮಾನಿಕ ವೈದ್ಯಸಂಸ್ಥೆ ಈ ಬಾಧೆಯನ್ನು ಶಾಸ್ತ್ರವಾಗಿ ಅಭ್ಯಸಿಸುತ್ತ ಬಂದಿದೆ. ತರುಣ ವಿಮಾನಚಾಲಕನ ದೇಹವನ್ನು ಮತ್ತೆ ಮತ್ತೆ ತಿರುಗಿಸಿ ಚಲನೆಗೆ ಒಗ್ಗಿಸುವುದೂ ಚಿಕಿತ್ಸೆಯ ಒಂದು ಮಾರ್ಗ.

ಮದ್ದಿನೊಡನೆ ಮಾತೂ ಕೂಡಿ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಒಂದು ಮಾತಿದೆ: ಕೈಗುಣ. ಈ ವೈದ್ಯರ ಕೈಗುಣ ಒಳ್ಳೆಯದು ಎಂದಾಗ ನಮ್ಮ ಜನ ಮದ್ದನ್ನು ಅಲ್ಲಗಳೆಯುವುದಿಲ್ಲ, ಮೋಸವನ್ನು ಹೊಗಳುವುದೂ ಇಲ್ಲ. ಮದ್ದು ಕೊಡುವ ರೀತಿಯೂ ಮದ್ದಿನ ಒಂದು ಪಾಲೆಂದು ಸಾರುತ್ತಾರೆ. ನಂಬಿಕೆಯ ಹೆಸರಿನಲ್ಲಿ ವೈದ್ಯನಲ್ಲಿಗೆ ಹೋಗುವುದನ್ನು ತಡೆದರೆ ಅದು ಅಪಾಯ, ನಿಲ್ಲದ ವಾಂತಿಗೆ ಸಾಂತ್ವನ ಮದ್ದಲ್ಲ. ಆದರೆ ಕೊಂಬನ್ನು ಮುರಿದು ನಾರು ನೋಡುವ ವ್ಯಾಪಾರಿ ಸುಳ್ಳು ಸರಕು ಕೊಟ್ಟವನಲ್ಲ. ನಿಜವಾದ ಸರಕಿನೊಡನೆ ನಿಜವಾದ ಕರುಣೆಯನ್ನೂ ತೂಗಿಕೊಟ್ಟವನು.

ಈಗ ಆ ಅಂಗಡಿಯಲ್ಲಿ ಕುಳಿತವರು ಬೇರೆ. ಮೊನ್ನೆ ನನ್ನ ಮೊಮ್ಮಗಳಿಗಾಗಿ ಒಣಶುಂಠಿ ಕೊಂಡೆ. ಪೊಟ್ಟಣ ನನ್ನ ಕೈಗೆ ಬಂದಿತು. ಮನೆಗೆ ಬಂದು, ಕೊಂಬನ್ನು ಅವಳೆದುರಿಗೇ ಮುರಿದು, ನಾರನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿ, ಅಂಗೈಯಲ್ಲಿಟ್ಟು, ಶೆಟ್ಟರ ಮಾತನ್ನು ಒಂದಕ್ಷರವೂ ಬಿಡದೆ ಹೇಳಿದೆ.