ಕ್ಯಾಮೆರಾದಿಂದ ಕಣ್ಣು ತೆಗೆದವರ ಕಥೆ

ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಹನ್ನೊಂದು ನಿಮಿಷದ ಒಂದು ವೀಡಿಯೋ ಇದೆ. ಶಾಲೆಯ ಹತ್ತಿರದ ಮನೆಯ ಅಜ್ಜಿಯೊಬ್ಬರು ಅಂಗಳದಲ್ಲಿ ಕುಳಿತು ತುಳು ಪಾಡ್ದನ ಹೇಳುತ್ತಿದ್ದಾರೆ. ಧ್ವನಿ ಚೆನ್ನಾಗಿದೆ. ಆದರೆ ಮುಖ ಮಸುಕು, ಹಿಂದಿನ ಅಡಿಕೆ ಮರ ಮಾತ್ರ ಬಲು ಸ್ಪಷ್ಟ! ಹಾಡುತ್ತಾ ಅವರು ಗದ್ದೆಯಲ್ಲಿ ನೇಜಿ ನೆಡುವ ಹಾಗೆ ಕೈ ಆಡಿಸುತ್ತಿದ್ದರು. ಆ ಕೈಗಳು ಚಿತ್ರದಲ್ಲೇ ಇಲ್ಲ. ವೀಡಿಯೋ ತೆಗೆದವನು ನಾನೇ.

ಮುಂದಿನ ವರ್ಷ ಇನ್ನೊಮ್ಮೆ ಹೋಗೋಣ ಎಂದುಕೊಂಡಿದ್ದೆವು. ಅಷ್ಟರಲ್ಲಿ ಅಜ್ಜಿ ತೀರಿಕೊಂಡರು.

ತರಗತಿಯಲ್ಲಿ ಅದನ್ನು ತೋರಿಸಿದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಮಾಷ್ಟ್ರೇ, ತೆಗೆಯುವಾಗ ನಿಮಗೆ ಕಾಣಲಿಲ್ವಾ?" ಇಲ್ಲ, ಕಾಣಲಿಲ್ಲ. ಅಜ್ಜಿ ಕುಳಿತ ಮಟ್ಟಕ್ಕೆ ಕ್ಯಾಮೆರಾ ಇಳಿಸಿದ್ದೆ. ಹಿಂದಿನ ಚಿಕ್ಕ ಪರದೆ ಬೆನ್ನು ಬಗ್ಗಿಸಿದರೂ ಕಾಣುತ್ತಿರಲಿಲ್ಲ, ಸಾಲದ್ದಕ್ಕೆ ಅದರ ಮೇಲೆ ಬಿಸಿಲು. ಆದರೆ ಅವಳು ಕೇಳಿದ ಪ್ರಶ್ನೆ ಸಿನಿಮಾದಷ್ಟೇ ಹಳೆಯದು. ತೆಗೆಯುವವನಿಗೆ ತೆಗೆಯುತ್ತಿರುವುದು ಕಾಣಬೇಕು. ಇದಕ್ಕಾಗಿ ಎಷ್ಟು ಮಂದಿ ಎಷ್ಟೆಲ್ಲಾ ಒದ್ದಾಡಿದ್ದಾರೆ, ನೋಡಿ.

1895ರಲ್ಲಿ ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಚಲನಚಿತ್ರ ತೋರಿಸಿದರಲ್ಲ, ಅವರ ಯಂತ್ರದಲ್ಲಿ ಫಿಲ್ಮ್ ಹಾಕುವ ಮೊದಲೇ ಚೌಕಟ್ಟು ನೋಡಿಟ್ಟುಕೊಳ್ಳಬೇಕಿತ್ತು. ಆಮೇಲೆ ಹಿಡಿಕೆ ತಿರುಗಿಸುವುದು ಮಾತ್ರ. ಸುಮಾರು 50 ಸೆಕೆಂಡುಗಳಲ್ಲಿ ರೀಲು ಮುಗಿಯುತ್ತಿತ್ತು. ಒಳಗೆ ಏನು ಬಿತ್ತು ಎಂಬುದು ತೊಳೆದ ಮೇಲೆಯೇ ಗೊತ್ತಾಗುವುದು! 1937ರಲ್ಲಿ ಜರ್ಮನಿಯ ಆರಿಫ್ಲೆಕ್ಸ್ 35 ಬಂತು. ಅದರೊಳಗೆ ತಿರುಗುವ ಕನ್ನಡಿಯೊಂದನ್ನು ಇಟ್ಟರು. ಅದರಿಂದಾಗಿ ಚಿತ್ರ ಓಡುತ್ತಿರುವಾಗಲೇ, ಅದೇ ಲೆನ್ಸಿನ ಮೂಲಕ ನೋಡುವುದು ಸಾಧ್ಯವಾಯಿತು. ಆದರೆ ನೋಡುವ ಭಾಗ್ಯ ಒಂದೇ ಒಂದು ಕಣ್ಣಿಗೆ. ಪಕ್ಕದಲ್ಲಿ ನಿಂತ ನಿರ್ದೇಶಕನಿಗೂ ಇಲ್ಲ.

ಇಲ್ಲಿ ನಮ್ಮವರೊಬ್ಬರನ್ನು ನೆನೆಯಬೇಕು. ಮೈಸೂರಿನ ವಿ. ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಸ್ಟುಡಿಯೋದೊಳಗೆ ಬಿಸಿಲಕೋಲು ಇಳಿಸಿದ್ದು ಕನ್ನಡಿಗಳಿಂದ. ಹೊರಗಿನ ಬಿಸಿಲನ್ನೇ ಕನ್ನಡಿ ಹಿಡಿದು ಒಳಗೆ ತಂದರು. ಆಗ ಪಕ್ಕದಲ್ಲಿ ನೋಡಲು ಮಾನಿಟರ್ ಇರಲಿಲ್ಲ. ಚಿತ್ರ ಹೇಗೆ ಬಂದಿದೆ ಎಂದು ರೀಲು ತೊಳೆದು ಬಂದ ಮೇಲೆಯೇ ತಿಳಿಯಬೇಕು. ಅಲ್ಲಿಯವರೆಗೆ ಎಲ್ಲರೂ ನಂಬಿದ್ದು ಆ ಒಂದು ಕಣ್ಣನ್ನು.

ಮರುವರ್ಷ, 1960ರಲ್ಲಿ, ಅಮೆರಿಕದ ಹಾಸ್ಯನಟ ಜೆರ್ರಿ ಲೂಯಿಸ್ 'ದಿ ಬೆಲ್‌ಬಾಯ್' ಚಿತ್ರ ಮಾಡಿದರು. ನಿರ್ದೇಶಕರೂ ಅವರೇ, ನಾಯಕರೂ ಅವರೇ. ಕ್ಯಾಮೆರಾದ ಮುಂದೆ ಕುಣಿಯುವವನು ಹಿಂದೆ ನಿಂತು ನೋಡುವುದು ಹೇಗೆ? ಫಿಲ್ಮ್ ಕ್ಯಾಮೆರಾದ ಜೊತೆಗೇ ಒಂದು ಟಿವಿ ಕ್ಯಾಮೆರಾ ಇಟ್ಟು, ಚಿತ್ರವನ್ನು ಟಿವಿಯಲ್ಲಿ ನೋಡಿದರು. ಸೆಟ್ಟಿನಲ್ಲಿ ಮಾನಿಟರ್ ಬಳಕೆಗೆ ಬಂದ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಂದಲೇ ಶುರುಮಾಡುತ್ತಾರೆ.

ನಿಜವಾದ ತಿರುವು ಬಂದದ್ದು ಫಿಲಡೆಲ್ಫಿಯಾದ ಗ್ಯಾರೆಟ್ ಬ್ರೌನ್ ಅವರಿಂದ. ಕ್ಯಾಮೆರಾ ಹಿಡಿದು ನಡೆದರೆ ಚಿತ್ರ ಕುಲುಕುತ್ತದೆ. ಹಳಿಯ ಮೇಲೆ ತಳ್ಳಿದರೆ ಕುಲುಕುವುದಿಲ್ಲ, ಆದರೆ ಮೆಟ್ಟಿಲ ಮೇಲೆ ಹಳಿ ಹಾಸುವುದು ಹೇಗೆ? 1970ರ ದಶಕದ ಮೊದಲ ಭಾಗದಲ್ಲಿ ಅವರು ಒಂದಾದ ಮೇಲೊಂದು ಮಾದರಿ ಮಾಡಿ ನೋಡಿದರು. ಕೊನೆಗೆ ಸಿಕ್ಕಿದ ತತ್ವ ನಮ್ಮ ವಿಜ್ಞಾನ ಪಾಠದ್ದೇ. ಭಾರವನ್ನು ಒಂದೇ ಕಡೆ ಗುಡ್ಡೆ ಹಾಕಬೇಡಿ, ದೂರ ದೂರ ಹಂಚಿ. ಕಂಬದ ಮೇಲ್ತುದಿಯಲ್ಲಿ ಕ್ಯಾಮೆರಾ, ಕೆಳತುದಿಯಲ್ಲಿ ಬ್ಯಾಟರಿ ಮತ್ತು ಮಾನಿಟರ್, ಗುರುತ್ವಕೇಂದ್ರದ ತುಸು ಮೇಲೆ ಹಿಡಿಕೆ. ಆಗ ಕಂಬ ಸುಲಭವಾಗಿ ಓಲಾಡುವುದಿಲ್ಲ. ಹಗ್ಗದ ಮೇಲೆ ನಡೆಯುವವನು ಉದ್ದ ಕೋಲು ಹಿಡಿಯುವುದು ಇದಕ್ಕೇ.

ಇದರಲ್ಲಿ ಒಂದು ಅಡಚಣೆ ಇತ್ತು. ಕಣ್ಣು ಕ್ಯಾಮೆರಾಕ್ಕೆ ಅಂಟಿಕೊಂಡಿದ್ದರೆ ತಲೆಯ ಕುಲುಕಾಟವೆಲ್ಲಾ ಕ್ಯಾಮೆರಾಕ್ಕೆ ದಾಟುತ್ತದೆ. ಕಣ್ಣನ್ನು ಅಲ್ಲಿಂದ ತೆಗೆಯಲೇಬೇಕು. ಮೊದಲು ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಕಣ್ಣಿಗೆ ತಂದರು. ಆಮೇಲೆ ಪುಟ್ಟ ವೀಡಿಯೋ ಪರದೆ ಕೂರಿಸಿದರು. ಅಂದರೆ ಸ್ಟೆಡಿಕ್ಯಾಮಿನಲ್ಲಿ ಮಾನಿಟರ್ ಅಲಂಕಾರಕ್ಕೆ ಇಟ್ಟದ್ದಲ್ಲ. ಅದಿಲ್ಲದೆ ಆ ಉಪಕರಣವೇ ಇಲ್ಲ! ಮಾನಿಟರಿನ ತೂಕವೂ ಸಮತೋಲನದ ಕೆಲಸ ಮಾಡುತ್ತದೆ.

ಬ್ರೌನ್ ತಮ್ಮ ಗೆಳತಿ ಫಿಲಡೆಲ್ಫಿಯಾದ ಕಲಾ ವಸ್ತುಸಂಗ್ರಹಾಲಯದ ಮೆಟ್ಟಿಲುಗಳನ್ನು ಓಡಿ ಹತ್ತಿ ಇಳಿಯುವುದನ್ನು ಚಿತ್ರಿಸಿದ್ದರು. ನಿರ್ದೇಶಕ ಜಾನ್ ಅವಿಲ್ಡ್‌ಸನ್ ಅದನ್ನು ನೋಡಿದರು. 1976ರ 'ರಾಕಿ'ಯಲ್ಲಿ ನಾಯಕ ಓಡಿದ್ದು ಅವೇ ಮೆಟ್ಟಿಲುಗಳನ್ನು. ಅದೇ ವರ್ಷದ 'ಬೌಂಡ್ ಫಾರ್ ಗ್ಲೋರಿ'ಯಲ್ಲಿ ಬ್ರೌನ್ ಕ್ರೇನಿನಲ್ಲಿ ಎತ್ತರದಿಂದ ಇಳಿದು, ನೆಲಕ್ಕೆ ಕಾಲಿಟ್ಟು, ಜನಸಂದಣಿಯೊಳಗೆ ನಡೆದೇ ಹೋದರು. ಎಲ್ಲೂ ಕತ್ತರಿ ಇಲ್ಲ.

ಒಳ್ಳೆಯದು, ಆದರೆ ಅದರ ಬೆಲೆ? ನಮ್ಮಂಥವರಿಗೆ ಎಟುಕುವುದಲ್ಲ. ಹಾಗಾಗಿ 2000ದ ದಶಕದಲ್ಲಿ ಬಡವರ ಆವೃತ್ತಿಗಳು ಹುಟ್ಟಿದವು. ಆಗ ವಿದ್ಯಾರ್ಥಿಯಾಗಿದ್ದ ಜಾನಿ ಚುಂಗ್ ಲೀ ನೀರಿನ ಕಬ್ಬಿಣದ ಪೈಪು, ಒಂದು ಟೀ ಜಾಯಿಂಟು, ವ್ಯಾಯಾಮದ ತೂಕದ ಬಿಲ್ಲೆ ಸೇರಿಸಿ 14 ಡಾಲರಿನ ಸ್ಟೆಡಿಕ್ಯಾಮ್ ಮಾಡಿ, ಮಾಡುವ ವಿಧಾನವನ್ನೂ ಎಲ್ಲರಿಗೆ ಹೇಳಿಕೊಟ್ಟರು. ಬೇರೆ ಮಾನಿಟರ್ ಅದರಲ್ಲಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಏಕೆಂದರೆ 1992ರಲ್ಲಿ ಶಾರ್ಪ್ ಕಂಪೆನಿ ದೊಡ್ಡ ಎಲ್‌ಸಿಡಿ ಪರದೆಯ ವ್ಯೂಕ್ಯಾಮ್ ತಂದ ಮೇಲೆ ಹ್ಯಾಂಡಿಕ್ಯಾಮುಗಳಲ್ಲಿ ತಿರುಗಿಸುವ ಪರದೆ ಮಾಮೂಲಾಗಿತ್ತು.

ಆಮೇಲೆ 2008 ಬಂತು. ನಿಕಾನ್ ಡಿ90, ಕ್ಯಾನನ್ 5ಡಿ ಮಾರ್ಕ್ 2: ಫೋಟೋ ಕ್ಯಾಮೆರಾಗಳೇ ವೀಡಿಯೋ ತೆಗೆಯತೊಡಗಿದವು. ಚಿತ್ರ ಸಿನಿಮಾದಂತೆ ಚೆಂದ. ಆದರೆ ದೊಡ್ಡ ಸೆನ್ಸರಿನಿಂದಾಗಿ ಫೋಕಸ್ ಕೂದಲೆಳೆಯಷ್ಟು ತಪ್ಪಿದರೂ ಮುಖ ಮಸುಕು. ಪರದೆ ಹಿಂಬದಿಗೆ ಅಂಟಿಕೊಂಡದ್ದು, ತಿರುಗದು. ನಮ್ಮ ಅಜ್ಜಿಯ ವೀಡಿಯೋ ಕೆಟ್ಟದ್ದು ಹೀಗೆಯೇ. ಹೊರಗಿನ ಮಾನಿಟರ್ ಕೂರಿಸಲು ಪ್ರಪಂಚದ ಎಲ್ಲ ಹವ್ಯಾಸಿಗಳೂ ಹಾರ್ಡ್‌ವೇರ್ ಅಂಗಡಿಗೆ ಓಡಿದ್ದೂ ಇದೇ ಕಾರಣಕ್ಕೆ.

ನಾವೂ ಓಡಿದೆವು. ಕಾರಿನ ಹಿಂಬದಿ ನೋಡಲು ಬಳಸುವ 7 ಇಂಚಿನ ಪರದೆಯೊಂದು ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜಿನಲ್ಲಿ ಸಿಕ್ಕಿತು. ಶಾಲೆಯ ಕ್ಯಾಮೆರಾ ಹಳೆಯದು, ಹಳದಿ ಪಿನ್ನಿನ ವೀಡಿಯೋ ವಯರು ಕೊಡುತ್ತದೆ. ಹಾಗಾಗಿ ನೇರ ಜೋಡಿಸಬಹುದು. (ಎಚ್‌ಡಿಎಂಐ ಮಾತ್ರ ಇರುವ ಕ್ಯಾಮೆರಾಕ್ಕೆ ಈ ಪರದೆ ನೇರವಾಗಿ ಆಗದು.) ಸ್ಟ್ಯಾಂಡಿಗೆ ಒಂದಿಂಚು ಅಗಲದ ಅಲ್ಯೂಮಿನಿಯಂ ಪಟ್ಟಿ. ಅದನ್ನು ಎಲ್ ಆಕಾರಕ್ಕೆ ಬಗ್ಗಿಸಿ, ಒಂದು ತೋಳು ಕ್ಯಾಮೆರಾದ ಅಡಿಗೆ, ಇನ್ನೊಂದು ತೋಳು ಪಕ್ಕದಲ್ಲಿ ಮೇಲಕ್ಕೆ. ಮೇಲಿನ ತುದಿಗೆ ಚಿಟ್ಟೆ ನಟ್ಟು ಹಾಕಿ ಪರದೆ. ನಟ್ಟಿನ ನಡುವೆ ಸೈಕಲ್ ಟ್ಯೂಬಿನ ತುಂಡು ಇಟ್ಟರೆ ಪರದೆ ಜಾರುವುದಿಲ್ಲ.

ಒಂದು ಎಚ್ಚರಿಕೆ. ಕ್ಯಾಮೆರಾದ ಅಡಿಯ ತೂತು ಕಾಲಿಂಚಿನದು, ಇಂಚಿಗೆ 20 ಸುತ್ತು. ಅಂಗಡಿಯವರು 6 ಎಂಎಂ ಬೋಲ್ಟು ಕೊಟ್ಟಾರು. ನೋಡಲು ಒಂದೇ ಥರ, ಆದರೆ ಅದರ ಸುತ್ತು ಇಂಚಿಗೆ 25ರ ಹತ್ತಿರ. ಒತ್ತಾಯಿಸಿ ತಿರುಗಿಸಿದರೆ ಕ್ಯಾಮೆರಾದ ಮರೆಯೇ ಹಾಳು. ಬೋಲ್ಟು ಒಳಗೆ ಹೋಗಬೇಕಾದದ್ದು ಸುಮಾರು 5 ಮಿಲಿಮೀಟರ್ ಮಾತ್ರ. ಪರದೆಯನ್ನು ಫ್ಲ್ಯಾಶ್ ಕೂರಿಸುವ ಜಾಗಕ್ಕೆ ಸಿಕ್ಕಿಸಬೇಡಿ, ಅದು ಅಷ್ಟು ಭಾರ ತಾಳದು.

ಕರೆಂಟಿಗೆ ಕಂಪ್ಯೂಟರ್ ಲ್ಯಾಬಿನ ಹಳೆಯ ಯುಪಿಎಸ್ಸಿನ 12 ವೋಲ್ಟ್ ಬ್ಯಾಟರಿ. ವಯರಿನಲ್ಲಿ ಒಂದು ಫ್ಯೂಸ್ ಇರಲಿ. ಬ್ಯಾಟರಿ ಎರಡು ಕಿಲೋಗೂ ಹೆಚ್ಚು ತೂಗುತ್ತದೆ. "ಇದನ್ನು ಯಾರು ಹೊರುವುದು?" ಎಂದು ಮಕ್ಕಳು ಗೊಣಗಿದರು. ಕ್ಯಾಮೆರಾದ ಕೆಳಗೆ ಪೈಪು ಸಿಕ್ಕಿಸಿ ಅದರ ತುದಿಗೆ ಬ್ಯಾಟರಿ ಕಟ್ಟಿದೆವು. ಕ್ಯಾಮೆರಾ ಥಟ್ಟನೆ ಶಾಂತವಾಯಿತು! ಬ್ರೌನ್ ಅವರ ಪಾಠ ನಮ್ಮ ಜಗಲಿಯಲ್ಲೇ ಮರುಪ್ರಸಾರವಾಯಿತು ಎನ್ನಿ.

ಕಳೆದ ತಿಂಗಳು ಇನ್ನೊಬ್ಬ ಅಜ್ಜಿಯ ಮನೆಗೆ ಹೋಗಿದ್ದೆವು. ವಯಸ್ಸು ಎಂಬತ್ತು ದಾಟಿದೆ. ಅವರು ಕಲಿತದ್ದು ಮೊದಲಿನ ಅಜ್ಜಿಯ ಜೊತೆ, ಅದೇ ಗದ್ದೆಯಲ್ಲಿ. ಪೂರ್ತಿ ನೆನಪಿಲ್ಲ, ಅರ್ಧ ಹಾಡು ಹೇಳಿದರು. ನಾನು ಕ್ಯಾಮೆರಾ ಹಿಡಿದಿದ್ದೆ, ನನ್ನ ಹಿಂದೆ ಐದಾರು ಮಕ್ಕಳು ಪರದೆ ನೋಡುತ್ತಾ ನಿಂತಿದ್ದರು. ಎರಡು ನಿಮಿಷ ಆಗಿರಬೇಕು, ಅದೇ ಹುಡುಗಿ ನನ್ನ ಅಂಗಿ ಜಗ್ಗಿ ಪಿಸುಗುಟ್ಟಿದಳು:

"ಮಾಷ್ಟ್ರೇ, ಸ್ವಲ್ಪ ಕೆಳಗೆ... ಅಜ್ಜಿಯ ಕೈ ಕಾಣುವುದಿಲ್ಲ."

ಇಳಿಸಿದೆ. ಈ ಸಲ ಕೈಗಳು ಇವೆ.