ಪ್ಲೇಗಿನ ಕಾಲದ ಶಿಲುಬೆಗಳು

ಮುಂಬಯಿಯ ಹಳೆಯ ಗಾವಠಾಣಗಳಲ್ಲಿ ಓಡಾಡಿದವರು ಓಣಿಯ ತಿರುವಿನಲ್ಲಿ ಸುಣ್ಣ ಬಳಿದ ಕಲ್ಲಿನ ಶಿಲುಬೆಯನ್ನು ನೋಡಿಯೇ ಇರುತ್ತೀರಿ. ಬುಡದಲ್ಲಿ ಒಂದೆರಡು ಮೇಣದ ಬತ್ತಿ, ಮೇಲೊಂದು ಚೆಂಡುಹೂವಿನ ಹಾರ. ನಾನೂ ಎಷ್ಟೋ ವರ್ಷ ನೋಡಿಯೂ ನೋಡದಂತೆ ದಾಟಿ ಹೋಗಿದ್ದೆ. ಅವುಗಳಲ್ಲಿ ಹಲವು ಪ್ಲೇಗಿನ ಕಾಲದವು ಎಂದು ತಿಳಿದದ್ದು ತೀರ ಇತ್ತೀಚೆಗೆ.

1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಈ ರೋಗವನ್ನು ಮೊದಲು ಗುರುತಿಸಿದವರು ಗೋವಾ ಮೂಲದ ಡಾ. ಅಕಾಸಿಯೊ ವೀಗಸ್. ಕೆಲವೇ ತಿಂಗಳಲ್ಲಿ ನಗರದ ಸುಮಾರು ಅರ್ಧದಷ್ಟು ಜನ ಊರು ಬಿಟ್ಟರು. ಉಳಿದವರ ಮನೆಗೆ ತಪಾಸಣೆಯವರು ನುಗ್ಗುತ್ತಿದ್ದರು. ರೋಗಿಯನ್ನು ಆಸ್ಪತ್ರೆಗೆ, ಮನೆಯವರನ್ನು ಬೇರೆ ಶಿಬಿರಕ್ಕೆ ಒಯ್ಯುತ್ತಿದ್ದರು. ಸಾಯುವವರ ಕೈ ಹಿಡಿಯಲೂ ಮನೆಯವರಿಗೆ ಆಗುತ್ತಿರಲಿಲ್ಲ. ಬಾಂದ್ರಾ ಮೊದಲಾದ ಕಡೆ ಈಸ್ಟ್ ಇಂಡಿಯನ್ ಕ್ರೈಸ್ತರು ಬಯಲಿನಲ್ಲಿ ಶಿಲುಬೆ ನೆಟ್ಟು, ಸಂಜೆ ಅದರ ಸುತ್ತ ಸೇರಿ ಜಪಮಾಲೆ ಹಿಡಿದದ್ದು ಇಂಥ ದಿನಗಳಲ್ಲಿ. ಬೆಂಗಳೂರಿನಲ್ಲಿ ಅದೇ ಭಯಕ್ಕೆ ಪ್ಲೇಗಮ್ಮನ ಗುಡಿಗಳು ಎದ್ದವು. ದೇವರು ಬೇರೆ, ಕಣ್ಣೀರು ಒಂದೇ ಎನ್ನಬಹುದೇನೋ, ಆದರೆ ನನ್ನನ್ನು ಕಾಡಿದ್ದು ಬೇರೆಯೇ ಪ್ರಶ್ನೆ. ಅಷ್ಟು ಸಾವುಗಳ ನಡುವೆ ಅವರು ದೇವರಿಗೆ ಏನೆಂದು ಹೇಳಿಕೊಂಡಿರಬಹುದು?

ನನ್ನ ತವರು ಹುಬ್ಬಳ್ಳಿ. ಆಗ ಅದೂ ಮುಂಬಯಿ ಪ್ರಾಂತದಲ್ಲೇ ಇತ್ತು. 1898ರಲ್ಲಿ ಪ್ಲೇಗು ಹುಬ್ಬಳ್ಳಿಯನ್ನು ಹಿಂಡಿ ಹಾಕಿತು. ಹಾಫ್‌ಕಿನ್ ಮುಂಬಯಿಯಲ್ಲಿ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡ ಲಸಿಕೆಯನ್ನು ಅಲ್ಲಿ ಸಾವಿರಾರು ಜನರಿಗೆ ಹಾಕಿದರು. 1897ರಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲಿ ನಮ್ಮ ಮೇಲೂ ಹೊರಿಸಿದ್ದು ನಿಮಗೆ ನೆನಪಿರಬಹುದು.

2021ರ ಏಪ್ರಿಲ್‌ನಲ್ಲಿ ಅಪ್ಪ ಅದೇ ಹುಬ್ಬಳ್ಳಿಯಲ್ಲಿ ಹೋದರು. ನಾನು, ನನ್ನವರು ಇಬ್ಬರೂ ಪಾಸಿಟಿವ್ ಆಗಿ ಚೆಂಬೂರಿನ ಮನೆಯಲ್ಲಿ ಬಂದಿಗಳು. ಅಂತ್ಯಕ್ರಿಯೆಯನ್ನು ಮೊಬೈಲಿನಲ್ಲಿ ನೋಡಿದೆ, ನಡುವೆ ಎರಡು ಸಲ ನೆಟ್‌ವರ್ಕ್ ಹೋಯಿತು. ದಿನವಿಡೀ ಸರ್ವರ್ ನಿಲ್ಲದಂತೆ ಕಾಯುವ ಕೆಲಸ ನನ್ನದು! ಎದುರು ಮನೆಯ ಮಂಗಳೂರಿನ ಆಂಟಿ ತಮ್ಮ ಹೊಸ್ತಿಲಲ್ಲೇ ಕುರ್ಚಿ ಹಾಕಿ ಕುಳಿತರು. ಅವರ ಪ್ರಾರ್ಥನೆಯೆಲ್ಲ ಕೊಂಕಣಿಯಲ್ಲಿ. ಜಪಮಾಲೆಗೆ ‘ತೇರ್ಸ್’ ಎನ್ನುತ್ತಾರೆ. ಅಂದು ಮಾತ್ರ, ನನಗೆ ತಿಳಿಯಲಿ ಎಂದು, ಕನ್ನಡ ಬೈಬಲಿನ ಕೀರ್ತನೆ ತೆಗೆದು ಓದಿದರು. 88ನೆಯದು.

ನೂರೈವತ್ತು ಕೀರ್ತನೆಗಳಲ್ಲಿ ಮೂರನೆಯ ಒಂದು ಪಾಲಿನಷ್ಟು ಗೋಳಾಟವೇ ಎನ್ನುತ್ತಾರೆ. ಅವುಗಳಲ್ಲಿ ಹೆಚ್ಚಿನವು ಕೊನೆಗೆ ಸ್ತುತಿಗೆ ತಿರುಗುತ್ತವೆ. 88 ತಿರುಗುವುದಿಲ್ಲ. ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತದೆ, ಯಾಕೆ ಮುಖ ಮರೆಸಿಕೊಂಡೆ ಎಂದು ಕೇಳುತ್ತದೆ, ಕತ್ತಲಲ್ಲೇ ಮುಗಿಯುತ್ತದೆ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ 1831ರ ವೇಳೆಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಅಂದರೆ ಪ್ಲೇಗು ಬರುವ ಹೊತ್ತಿಗೆ ಈ ಗೋಳು ಕನ್ನಡ ಮಾತಾಡಲು ಕಲಿತು ಆರು ದಶಕ ಕಳೆದಿತ್ತು. ಹುಬ್ಬಳ್ಳಿ, ಧಾರವಾಡದ ಬಾಸೆಲ್ ಮಿಷನ್ ಸಭೆಗಳವರ ಕೈಯಲ್ಲೂ ಕನ್ನಡ ಬೈಬಲ್ ಇತ್ತು.

“ಕೊನೆಗೆ ಒಂದೂ ಒಳ್ಳೆಯ ಮಾತಿಲ್ಲವಲ್ಲ ಆಂಟಿ” ಎಂದೆ.

“ಸಮಾಧಾನದ ಮಾತು ಇಲ್ಲ ಮಾರಾಯ್ತಿ, ಅದಕ್ಕೇ ಇದನ್ನು ಓದಿದ್ದು” ಎಂದರು.

ಮೂರು ದಿನದಿಂದ ಫೋನಿನಲ್ಲಿ ಎಲ್ಲರೂ ಧೈರ್ಯ ಹೇಳುತ್ತಿದ್ದರು. ನಾನು ಸರಿಯಾಗಿ ಅತ್ತದ್ದು ಆಗಲೇ.

ಮೇ ತಿಂಗಳು ಮರಿಯಮ್ಮನವರದು. ಓಣಿಯ ಶಿಲುಬೆಗಳ ಮುಂದೆ ಈಗಲೂ ಸಂಜೆ ಜಪಮಾಲೆ ನಡೆಯುತ್ತದೆ. ಕಳೆದ ವರ್ಷ ಆಂಟಿಯ ಜೊತೆ ಬಾಂದ್ರಾಕ್ಕೆ ಹೋಗಿದ್ದೆ. ಪ್ಲಾಸ್ಟಿಕ್ ಕುರ್ಚಿಗಳು, ಆಡುವ ಮಕ್ಕಳು, ಪಕ್ಕದಲ್ಲೇ ಹಾರ್ನ್ ಹೊಡೆಯುವ ರಿಕ್ಷಾಗಳು. ತೀರಿಕೊಂಡವರ ಹೆಸರು ಹೇಳುವಾಗ ಆಂಟಿ ತಮ್ಮ ಗಂಡನ ಹೆಸರಿನ ಹಿಂದೆಯೇ ನನ್ನ ಅಪ್ಪನ ಹೆಸರನ್ನೂ ಸೇರಿಸಿದರು. ‘ಬಸವ’ ಎಂಬುದು ಅಲ್ಲಿದ್ದ ಅಜ್ಜಿಯೊಬ್ಬರ ಬಾಯಿಗೆ ಬರಲಿಲ್ಲ, ಎರಡು ಸಲ ಕೇಳಿ ತಿಳಿದುಕೊಂಡು ಹೇಳಿದರು.